ಕಮ್ಮಟಕ್ಕೆ ನನ್ನನ್ನು ಕರೆಯುವ ಮೊದಲು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಉಡುಪಿಯವಳು. ಹದಿಹರೆಯದವರಿಗಾಗಿ ಕಾದಂಬರಿ ಬರೆಯುತ್ತೇನೆ. ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳ ಶಾಲೆ, ಪಿಯು ಕಾಲೇಜು, ಗ್ರಂಥಾಲಯಗಳಿಗೆ ಹೋಗಿ ಮಕ್ಕಳ ಜೊತೆ ಮಾತಾಡುತ್ತೇನೆ, ಬರವಣಿಗೆಯ ಕಮ್ಮಟ ನಡೆಸುತ್ತೇನೆ. ಕರೆಯಲು ಫೋನ್ ಮಾಡುವ ಮುಖ್ಯೋಪಾಧ್ಯಾಯರು, ಕನ್ನಡ ಟೀಚರುಗಳು, ಅಪ್ಪ ಅಮ್ಮಂದಿರು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಕೆಲವಕ್ಕೆ ಒಂದೆರಡು ಸಾಲಿನ ಉತ್ತರ ಸಾಕು. ಇನ್ನು ಕೆಲವಕ್ಕೆ ಫೋನಿನಲ್ಲಿ ಪೂರ್ತಿ ಹೇಳಿ ಮುಗಿಸಲು ಆಗುವುದೇ ಇಲ್ಲ.

ಹದಿಹರೆಯದವರ ಕಾದಂಬರಿ ಅಂದರೆ ಮಕ್ಕಳ ಕತೆಯೇ ಅಲ್ಲವೇ?

ಅಲ್ಲ. ಸಣ್ಣ ಮಕ್ಕಳ ಮಟ್ಟಿಗೆ ನಮ್ಮ ಕರಾವಳಿ ಪುಣ್ಯ ಮಾಡಿದೆ. ಬಂಟ್ವಾಳದ ಪಂಜೆ ಮಂಗೇಶರಾಯರು ಶಾಲಾ ಇನ್‌ಸ್ಪೆಕ್ಟರಿಕೆಯ ನಡುವೆಯೇ ಮಕ್ಕಳ ಬಾಯಲ್ಲಿ ನಿಲ್ಲುವ ಪದ್ಯಗಳನ್ನು ಬರೆದರು. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಪುತ್ತೂರಿನಲ್ಲಿ ಬಾಲವನವನ್ನೇ ಕಟ್ಟಿದರು. ಆದರೆ ಏಳನೇ ಕ್ಲಾಸು ದಾಟಿದ ಹುಡುಗಿಯೊಬ್ಬಳು ಶಾಲೆಯ ಪುಸ್ತಕದ ಕಪಾಟಿನ ಮುಂದೆ ನಿಂತರೆ ಏನು ಕಾಣುತ್ತದೆ? ಕೆಳಗಿನ ಅಂಕಣದಲ್ಲಿ ಮೊಲ, ನರಿ, ರಾಜಕುಮಾರಿ. ಮೇಲಿನ ಅಂಕಣದಲ್ಲಿ ದೊಡ್ಡವರ ಸಂಸಾರದ ಕಾದಂಬರಿಗಳು. ಅವಳ ಕಣ್ಣಿನ ಮಟ್ಟಕ್ಕೆ ಸರಿಯಾಗಿ ಇರುವುದು ಗೈಡು, ಪ್ರಶ್ನೋತ್ತರ ಮಾಲೆ. ಓದುವ ಹಸಿವು ಹೆಚ್ಚಿರುವ ಕಾಲದಲ್ಲೇ ಅವಳಿಗೆ ಬಡಿಸುವುದಕ್ಕೆ ನಮ್ಮಲ್ಲಿ ಏನೂ ಇರುವುದಿಲ್ಲ.

ಯಾವಾಗಲೂ ಹೀಗೇ ಇತ್ತೆಂದಲ್ಲ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ಹೆಸರಾದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರಲ್ಲಿ ಮಂಗಳೂರಿನಿಂದಲೇ ಹೊರಬಂತು. ಅದರ ನಾಯಕಿ ಎಳೆಯ ವಯಸ್ಸಿನಲ್ಲೇ ವಿಧವೆಯಾಗಿ, ಮನೆಯಿಂದ ಹೊರಬಂದು ಓದಿದವಳು. ಇಂದಿನ ಲೆಕ್ಕದಲ್ಲಿ ಅವಳು ಹೈಸ್ಕೂಲು, ಕಾಲೇಜಿನ ಹುಡುಗಿ. ನಮ್ಮ ಕಾದಂಬರಿ ಕಣ್ಣು ಬಿಟ್ಟಾಗ ಮೊದಲು ನೋಡಿದ್ದೇ ಅಂಥ ಹುಡುಗಿಯನ್ನು. ಆಮೇಲೆ ಅವಳು ನಮ್ಮ ಕಣ್ಣಿಂದ ತಪ್ಪಿಹೋದಳು.

ನಾನು ಬರೆಯುವಾಗ ಎರಡು ಮಾತನ್ನು ಬಿಡುವುದಿಲ್ಲ. ಕತೆಯ ಮುಖ್ಯ ಪಾತ್ರಕ್ಕೆ ಹದಿಮೂರರಿಂದ ಹತ್ತೊಂಬತ್ತರೊಳಗಿನ ವಯಸ್ಸು. ಕೊನೆಯ ನಿರ್ಧಾರ ಆ ಪಾತ್ರದ್ದೇ. ಮಾವನೋ ಮೇಷ್ಟ್ರೋ ಬಂದು ಬಿಡಿಸಿಕೊಡುವುದಿಲ್ಲ.

ಯಾವ ತರಗತಿಯವರಿಗೆ?

ಎಂಟನೆಯಿಂದ ದ್ವಿತೀಯ ಪಿಯುಸಿವರೆಗೆ. ಡಿಗ್ರಿಯವರಿಗೂ ಬರುತ್ತೇನೆ. ಅದಕ್ಕಿಂತ ಸಣ್ಣವರಿಗೆ ನನಗಿಂತ ಚೆನ್ನಾಗಿ ಕತೆ ಹೇಳುವವರು ಈ ಊರಿನಲ್ಲಿದ್ದಾರೆ.

ಭಾಷಣ ಸಾಕೇ, ಕಮ್ಮಟವೇ ಬೇಕೇ?

ನಿಮ್ಮ ಹತ್ತಿರ ಇರುವ ಸಮಯ ನೋಡಿ ಹೇಳಿ. ಒಂದು ಗಂಟೆ ಇದ್ದರೆ ಸಂವಾದ ಮಾಡೋಣ: ಇಪ್ಪತ್ತು ನಿಮಿಷ ನನ್ನ ಮಾತು, ಉಳಿದದ್ದು ಮಕ್ಕಳ ಪ್ರಶ್ನೆ. ಪ್ರಶ್ನೆಗಳನ್ನು ಚೀಟಿಯಲ್ಲಿ ಹೆಸರಿಲ್ಲದೆ ಬರೆಸಿ ಡಬ್ಬಿಗೆ ಹಾಕಿಸಿ. ಎದ್ದು ನಿಂತು ಕೇಳುವಾಗ ‘ನಿಮಗೆ ಸ್ಫೂರ್ತಿ ಯಾರು’ ಎನ್ನುವ ಮಗು, ಚೀಟಿಯಲ್ಲಿ ‘ಅಪ್ಪ ಅಮ್ಮ ಮಾತು ಬಿಟ್ಟಿದ್ದಾರೆ, ಅದರ ಬಗ್ಗೆ ಕತೆ ಬರೆದರೆ ಅದು ಮೋಸವಾ’ ಎಂದು ಕೇಳುತ್ತದೆ. ನಾನು ಬರುವುದು ಆ ಎರಡನೇ ಪ್ರಶ್ನೆಗಾಗಿ.

ಬರೆಯುವುದನ್ನು ಕಲಿಸಬೇಕಿದ್ದರೆ ಒಂದು ಇಡೀ ದಿನ ಬೇಕು. ಅರ್ಧ ದಿನದಲ್ಲಿ ಮಕ್ಕಳ ಸಂಕೋಚ ಬಿಡಿಸುವಷ್ಟರಲ್ಲಿ ಊಟದ ಬೆಲ್ ಹೊಡೆದಿರುತ್ತದೆ.

ಒಂದು ದಿನದ ಕಮ್ಮಟದಲ್ಲಿ ಏನೇನು ನಡೆಯುತ್ತದೆ?

ಬೆಳಿಗ್ಗೆ ಒಂಬತ್ತೂವರೆಯಿಂದ ಮಧ್ಯಾಹ್ನ ಮೂರೂವರೆಯವರೆಗೆ. ಶುರುವಿಗೆ ಎಲ್ಲರಿಗೂ ಒಂದೇ ಕೆಲಸ: ನಿಮ್ಮ ಮನೆಯ ಮಾಡಿನ ಮೇಲೆ ಮಳೆ ಬಿದ್ದಾಗ ಒಳಗಿದ್ದವರಿಗೆ ಏನು ಕೇಳಿಸುತ್ತದೆ, ಐದು ಸಾಲು ಬರೆಯಿರಿ. ಮೊದಲ ಸುತ್ತಿನಲ್ಲಿ ತರಗತಿಗೆ ತರಗತಿಯೇ ‘ಧೋ ಎಂದು ಮಳೆ ಸುರಿಯಿತು’ ಎಂದು ಬರೆಯುತ್ತದೆ. ಅದು ಪಾಠಪುಸ್ತಕದ ಮಳೆ. ಹಂಚಿನ ಮನೆಯವರು, ಸಿಮೆಂಟ್ ಶೀಟಿನ ಮನೆಯವರು, ಫ್ಲ್ಯಾಟಿನ ನಾಲ್ಕನೇ ಮಹಡಿಯವರು ಬೇರೆ ಬೇರೆ ಗುಂಪಾಗಿ ಕುಳಿತು ಇನ್ನೊಮ್ಮೆ ಬರೆಯುತ್ತಾರೆ. ಆಗ ಮಳೆ ಬೇರೆಬೇರೆಯಾಗಲು ತೊಡಗುತ್ತದೆ. ಒಂಬತ್ತನೇ ತರಗತಿಯ ಒಬ್ಬ ಹುಡುಗ ಬರೆದದ್ದು ಹೀಗಿತ್ತು: ಅವರ ಮನೆಯಲ್ಲಿ ಒಡೆದ ಹಂಚಿನ ಕೆಳಗೆ ರಾತ್ರಿ ಪಾತ್ರೆ ಇಡುತ್ತಾರೆ. ಪಾತ್ರೆ ತುಂಬುತ್ತಾ ಬಂದಂತೆ ಹನಿಯ ಸದ್ದು ಬದಲಾಗುತ್ತದೆ. ಆ ಸದ್ದಿನ ಮೇಲೆಯೇ ಅವನ ಅಮ್ಮನಿಗೆ ನಿದ್ದೆಗಣ್ಣಲ್ಲೂ ಗೊತ್ತಾಗುತ್ತದೆ, ಎದ್ದು ನೀರು ಚೆಲ್ಲಬೇಕು ಅಂತ. ಅವನು ಅಲ್ಲಿಯವರೆಗೆ ಕತೆ ಬರೆದವನಲ್ಲ. ಈ ಸದ್ದನ್ನು ಬರೆಯಬಹುದು ಎಂದು ಅವನಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ.

ಆಮೇಲೆ ಒಂದು ಹಳೆಯ ಹಂಚನ್ನು ಕೈಯಿಂದ ಕೈಗೆ ದಾಟಿಸುತ್ತೇನೆ. ಮಗುಚಿ ನೋಡಿದರೆ ಕಾರ್ಖಾನೆಯ ಹೆಸರು ಅಚ್ಚೊತ್ತಿರುತ್ತದೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಕತೆ ಹೇಳುತ್ತೇನೆ. ಈ ಮಣ್ಣನ್ನು ಹೊತ್ತವರು ಯಾರಿರಬಹುದು? ಒದ್ದೆ ಹಂಚನ್ನು ಒಣಗಲು ಜೋಡಿಸಿದ ಹುಡುಗಿಗೆ ಎಷ್ಟು ವಯಸ್ಸು? ಆ ದಿನ ಅವಳಿಗೆ ಮನೆಗೆ ಬೇಗ ಹೋಗಬೇಕಾಗಿತ್ತು, ಯಾಕೆ? ಅಲ್ಲಿಗೆ ಮಾಹಿತಿ ಮುಗಿದು ಕತೆ ಶುರುವಾಗುತ್ತದೆ.

ಸಂಭಾಷಣೆ ಕಲಿಸಲು ನಾನು ಯಕ್ಷಗಾನದ ಕೂತು ಮಾತಾಡುವ ಪ್ರಕಾರವಾದ ತಾಳಮದ್ದಳೆಯನ್ನು ಆಶ್ರಯಿಸಿದ್ದೇನೆ. ನಮ್ಮ ಮಕ್ಕಳಲ್ಲಿ ಬಹಳ ಮಂದಿ ಅದನ್ನು ಕೂತು ಕೇಳಿದವರು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ ಮುಗಿದದ್ದೇ ಅರ್ಥಧಾರಿ ಮಾತಿನಿಂದಲೇ ಪಾತ್ರವನ್ನು ಎಬ್ಬಿಸಿ ನಿಲ್ಲಿಸಬೇಕು. ಎದುರಿನವರು ಏನು ಕೇಳುತ್ತಾರೋ ಮೊದಲೇ ಪೂರ್ತಿ ಗೊತ್ತಿರುವುದಿಲ್ಲ. ಇಬ್ಬರು ಮಕ್ಕಳನ್ನು ಹಾಗೆಯೇ ಎದುರುಬದುರು ಕೂರಿಸುತ್ತೇನೆ. ಒಬ್ಬಳು ಫೀಸು ಕಟ್ಟಿಲ್ಲದ ಮಗಳು, ಇನ್ನೊಬ್ಬ ಅದು ಗೊತ್ತಿದ್ದೂ ಗೊತ್ತಿಲ್ಲದಂತಿರುವ ಅಪ್ಪ. ‘ಫೀಸು’ ಎಂಬ ಮಾತನ್ನು ಇಬ್ಬರೂ ಎತ್ತಕೂಡದು. ಹತ್ತು ನಿಮಿಷ ಮಾತಾಡಿದ ಮೇಲೆ ಅದನ್ನೇ ಬರೆಯುತ್ತಾರೆ. ಮಾತಿನ ಕೆಳಗೆ ಇನ್ನೊಂದು ಮಾತು ಹರಿಯುವುದು ಏನೆಂದು ಪಾಠ ಮಾಡಿ ತಿಳಿಸುವುದಕ್ಕಿಂತ ಇದು ಬೇಗ.

ಊಟದ ಮೇಲೆ ನಲವತ್ತು ನಿಮಿಷ ಪೂರ್ತಿ ಮೌನ, ಪೂರ್ತಿ ಬರವಣಿಗೆ. ನಾನೂ ಬರೆಯುತ್ತೇನೆ, ಕೋಣೆಯಲ್ಲಿರುವ ಟೀಚರೂ ಬರೆಯಬೇಕು. ಕೊನೆಗೆ ಓದುವುದು. ಇಷ್ಟವಿಲ್ಲದವರು ಓದಬೇಕಾಗಿಲ್ಲ. ಕೇಳಿದವರು ‘ಚೆನ್ನಾಗಿದೆ’, ‘ಚೆನ್ನಾಗಿಲ್ಲ’ ಎನ್ನುವಂತಿಲ್ಲ. ಯಾವ ಸಾಲು ಮನಸ್ಸಿನಲ್ಲಿ ಉಳಿಯಿತು ಎಂದಷ್ಟೇ ಹೇಳಬೇಕು.

ನಮ್ಮ ಮಕ್ಕಳ ಮನೆಮಾತು ತುಳು. ಕನ್ನಡದಲ್ಲಿ ಬರೆಯುವುದು ಅವರಿಗೆ ಕಷ್ಟ. ಅವರಿಗೆ ಕಮ್ಮಟದಿಂದ ಏನು ಪ್ರಯೋಜನ?

ನಾನು ಮುಖ್ಯವಾಗಿ ಹುಡುಕಿಕೊಂಡು ಬರುವುದು ಅವರನ್ನೇ.

ನಾನು ಎಂಟನೇ ತರಗತಿಯಲ್ಲಿದ್ದಾಗ ‘ನನ್ನ ಅಜ್ಜಿ’ ಎಂಬ ಪ್ರಬಂಧ ಬರೆದಿದ್ದೆ. ಅಜ್ಜಿಗೆ ತುಳು ಬಿಟ್ಟರೆ ಬೇರೆ ಮಾತು ಬರುತ್ತಿರಲಿಲ್ಲ. ನನ್ನ ಪ್ರಬಂಧದಲ್ಲಿ ಅವಳು ‘ಮಗಳೇ, ಚೆನ್ನಾಗಿ ವಿದ್ಯಾಭ್ಯಾಸ ಮಾಡಿ ಕೀರ್ತಿವಂತಳಾಗು’ ಎನ್ನುತ್ತಿದ್ದಳು. ಹತ್ತಕ್ಕೆ ಒಂಬತ್ತು ಅಂಕ ಸಿಕ್ಕಿತು. ಸಂಜೆ ಮನೆಗೆ ಬಂದು ಅಜ್ಜಿಗೆ ಓದಿ, ಅರ್ಥ ಹೇಳಿದೆ. ಅವಳು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾ ಪೂರ್ತಿ ಕೇಳಿ, ‘ಉಂದು ಏರ್?’ ಅಂದಳು. ಇದು ಯಾರು? ಅವಳಿಗೆ ನಿಜಕ್ಕೂ ಗುರುತು ಸಿಕ್ಕಿರಲಿಲ್ಲ. ಆ ಪ್ರಶ್ನೆಗೆ ಉತ್ತರ ಕೊಡಲು ನನಗೆ ಇಪ್ಪತ್ತು ವರ್ಷ ಬೇಕಾಯಿತು. ನನ್ನ ಮೊದಲ ಕಾದಂಬರಿಯಲ್ಲಿ ಅಜ್ಜಿ ಬಾಯಿ ತೆರೆದಾಗ ಕೊನೆಗೂ ತುಳುವಿನಲ್ಲೇ ಮಾತಾಡಿದಳು. ಅದನ್ನು ಓದಿ ಹೇಳಲು ಆಗ ಅವಳಿರಲಿಲ್ಲ.

ನಮ್ಮ ಒಂದು ತರಗತಿಯಲ್ಲಿ ಮಳೆಗೆ ಎಷ್ಟು ಹೆಸರಿದೆ ನೋಡಿ. ತುಳುವಿನವರಿಗೆ ಬರ್ಸ, ಕುಂದಾಪುರದ ಕಡೆಯವರಿಗೆ ಮಳಿ, ಕೊಂಕಣಿಯವರಿಗೆ ಪಾವ್ಸ್. ಬ್ಯಾರಿ ಮಾತಾಡುವ ಮಗು ಹಿಂದಿನ ಬೆಂಚಿನಲ್ಲಿ ಇನ್ನೊಂದನ್ನು ಇಟ್ಟುಕೊಂಡು ಸುಮ್ಮನೆ ಕೂತಿರುತ್ತದೆ. ಇವೆಲ್ಲವನ್ನೂ ಚಪ್ಪಲಿಯ ಜೊತೆ ಜಗಲಿಯಲ್ಲಿ ಬಿಟ್ಟು ಒಳಗೆ ಬನ್ನಿ ಎಂದು ನಾವು ಕಲಿಸಿದ್ದೇವೆ. ಒಳಗೆ ಬಂದ ಮಗುವಿನ ಹತ್ತಿರ ಬರೆಯಲು ಏನುಳಿಯಿತು? ಆಮೇಲೆ ಮಗುವಿಗೆ ಕಲ್ಪನೆಯೇ ಇಲ್ಲ ಎಂದು ದೂರುತ್ತೇವೆ.

ನನ್ನ ಕಮ್ಮಟದಲ್ಲಿ ನಿರೂಪಣೆ ಕನ್ನಡದಲ್ಲಿ, ಪಾತ್ರಗಳ ಮಾತು ಆಯಾ ಮನೆಯ ಮಾತಿನಲ್ಲಿ, ಬರೆಯುವುದು ಕನ್ನಡ ಲಿಪಿಯಲ್ಲಿ. ಹಾಗಾದರೆ ಬೀದರಿನ ಓದುಗನಿಗೆ ಅರ್ಥವಾಗುವುದು ಹೇಗೆ ಎಂದು ಟೀಚರುಗಳು ಕೇಳುತ್ತಾರೆ. ಅಜ್ಜಿ ಪತ್ರೊಡೆಯ ತಟ್ಟೆಯನ್ನು ಮುಂದೆ ತಳ್ಳಿ ‘ತಿನ್ಲ’ ಅಂದರೆ ಬೀದರಿನವನಿಗೂ ತಿಳಿಯುತ್ತದೆ, ಅರ್ಥ ಬರೆದು ತೋರಿಸಬೇಕಾಗಿಲ್ಲ. ಕೈ ಏನು ಮಾಡುತ್ತಿದೆ ಎಂದು ಸರಿಯಾಗಿ ಬರೆದರೆ ಬಾಯಿಯ ಮಾತು ತಾನಾಗಿ ತಿಳಿಯುತ್ತದೆ. ಇದು ಬರವಣಿಗೆಯ ಪಾಠವೂ ಹೌದು.

ತುಳು ಮಾತನ್ನು ಹೀಗೇ ಬರೆಯಬೇಕೆಂದು ತೋರಿಸುವ ಆಧಾರ ಇದೆಯೇ ಎಂದೂ ಕೇಳುತ್ತಾರೆ. ಇದೆ. ಉಡುಪಿಯ ಎಂಜಿಎಂ ಕಾಲೇಜಿನ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರ ಆರು ಸಂಪುಟಗಳ ತುಳು ನಿಘಂಟನ್ನು ಹೊರತಂದಿದೆ. ಪ್ರದೇಶದಿಂದ ಪ್ರದೇಶಕ್ಕೆ ಮಾತು ಬದಲಾಗುವುದನ್ನೂ ಅದು ದಾಖಲಿಸಿದೆ. ಮಕ್ಕಳನ್ನು ಒಮ್ಮೆ ಅದರ ಮುಂದೆ ಕರೆದುಕೊಂಡು ಹೋಗಿ. ತನ್ನ ಅಮ್ಮ ಅಡುಗೆಮನೆಯಲ್ಲಿ ಆಡುವ ಮಾತು ಅಷ್ಟು ದಪ್ಪದ ಪುಸ್ತಕದಲ್ಲಿ ಅಚ್ಚಾಗಿದೆ ಎಂದು ತಿಳಿದಾಗ ಮಗುವಿನ ಬೆನ್ನು ನೆಟ್ಟಗಾಗುವುದನ್ನು ನಾನು ನೋಡಿದ್ದೇನೆ.

ನಮ್ಮದು ಇಂಗ್ಲಿಷ್ ಮೀಡಿಯಂ ಶಾಲೆ.

ತೊಂದರೆ ಇಲ್ಲ. ಮೇಲಿನ ಉತ್ತರ ನಿಮಗೂ ಸೇರಿದ್ದು. ಕನ್ನಡ ಬರೆಯಲು ಹೆಣಗುವ ಮಗು ಮೊದಲು ಬಾಯಲ್ಲಿ ಹೇಳಲಿ, ಪಕ್ಕದವರು ಬರೆದುಕೊಳ್ಳಲಿ. ಮಧ್ಯಾಹ್ನದ ಹೊತ್ತಿಗೆ ಪೆನ್ನು ತಾನೇ ಕಿತ್ತುಕೊಳ್ಳುತ್ತದೆ.

ಕಾಗುಣಿತದ ತಪ್ಪುಗಳನ್ನು ತಿದ್ದುತ್ತೀರಾ?

ಆ ದಿನ ಇಲ್ಲ. ದಯವಿಟ್ಟು ನೀವೂ ಕೆಂಪು ಪೆನ್ನು ಹಿಡಿದು ನನ್ನ ಹಿಂದೆ ಬರಬೇಡಿ. ಅಲ್ಪಪ್ರಾಣ ಮಹಾಪ್ರಾಣ ಮುಖ್ಯ, ನಾನೂ ನನ್ನ ಕರಡನ್ನು ಐದಾರು ಸಲ ತಿದ್ದುತ್ತೇನೆ. ಆದರೆ ಅದು ಎರಡನೇ ದಿನದ ಕೆಲಸ. ಮಗು ಮೊದಲ ಬಾರಿಗೆ ತನ್ನ ಮನೆಯ ಒಳಗಿನ ಮಾತು ಬರೆದ ಹಾಳೆಯ ಮೇಲೆ ಮೊದಲು ಬೀಳುವುದು ಸುತ್ತು ಹಾಕಿದ ತಪ್ಪಾದರೆ, ಅದು ಮತ್ತೆ ‘ಧೋ’ ಮಳೆಗೆ ಹಿಂತಿರುಗುತ್ತದೆ.

ಒಂದು ಕಮ್ಮಟದಲ್ಲಿ ಎಷ್ಟು ಮಕ್ಕಳು?

ಇಪ್ಪತ್ತೈದು, ಹೆಚ್ಚೆಂದರೆ ಮೂವತ್ತು. ‘ಒಳ್ಳೆಯ ಮಾರ್ಕಿನವರನ್ನು’ ಮಾತ್ರ ಆರಿಸಿ ಕೂರಿಸಬೇಡಿ. ಬರೆಯಬೇಕೆಂದು ಆಸೆ ಇರುವವರು ಕೈ ಎತ್ತಲಿ. ಸಂವಾದಕ್ಕಾದರೆ ಇಡೀ ಶಾಲೆ ಬರಬಹುದು.

ನಿಮ್ಮ ಕಾದಂಬರಿಗಳಲ್ಲಿ ಪ್ರೀತಿ, ಪರೀಕ್ಷೆಯಲ್ಲಿ ಫೇಲಾಗುವುದು, ಮನೆ ಬಿಟ್ಟು ಹೋಗುವುದು ಎಲ್ಲ ಬರುತ್ತದಂತೆ. ಪೋಷಕರು ಆಕ್ಷೇಪ ಮಾಡಿದರೆ?

ಬರುತ್ತದೆ. ಒಂದು ಶಾಲೆಯಿಂದ ಹಿಂದಿನ ರಾತ್ರಿ ಫೋನ್ ಬಂದಿತ್ತು: ‘ಮೇಡಂ, ಆ ವಿಷಯ ಎತ್ತಬೇಡಿ.’ ನಾನು ಎತ್ತಲಿಲ್ಲ. ಚೀಟಿಯ ಡಬ್ಬಿ ತೆರೆದಾಗ ಹೆಚ್ಚಿನ ಮಕ್ಕಳು ಅದನ್ನೇ ಕೇಳಿದ್ದರು. ದೊಡ್ಡವರು ಮುಚ್ಚಿಟ್ಟಿದ್ದೇವೆ ಅಂದುಕೊಂಡದ್ದು ಮಕ್ಕಳ ಮುಂದೆ ಹೇಗೂ ಬಿಚ್ಚಿಯೇ ಇದೆ. ಅದರ ಬಗ್ಗೆ ಗೌರವದಿಂದ ಮಾತಾಡುವವರು ಮಾತ್ರ ಅವರಿಗೆ ಸಿಗುತ್ತಿಲ್ಲ.

ಪೋಷಕರ ಭಯವನ್ನು ನಾನು ಹಗುರವಾಗಿ ನೋಡುವುದಿಲ್ಲ. ಕರೆಯುವ ಮೊದಲು ಕನ್ನಡ ಟೀಚರೂ ಇಬ್ಬರು ಪೋಷಕರೂ ನನ್ನ ಒಂದು ಕಾದಂಬರಿಯನ್ನು ಪೂರ್ತಿ ಓದಲಿ, ಪುಟ ತೆರೆದಲ್ಲಿ ಓದುವುದಲ್ಲ. ಬೇಕೆಂದರೆ ಅದೇ ದಿನ ಸಂಜೆ ಪೋಷಕರ ಜೊತೆ ಒಂದು ಗಂಟೆ ಕೂರುತ್ತೇನೆ. ಎಷ್ಟೋ ಅಮ್ಮಂದಿರು ಆಕ್ಷೇಪಣೆ ಹಿಡಿದು ಬಂದು, ತಮ್ಮ ಹದಿನಾರನೇ ವರ್ಷದ ಕತೆ ಹೇಳಿ ಹೋಗಿದ್ದಾರೆ.

ಮಗು ಬರೆದದ್ದರಲ್ಲಿ ತನಗಾದ ಹಿಂಸೆಯ ಸುಳಿವು ಸಿಕ್ಕರೆ ಏನು ಮಾಡುತ್ತೀರಿ?

ಈ ಪ್ರಶ್ನೆಯನ್ನು ಹೆಚ್ಚು ಶಾಲೆಗಳು ಕೇಳಬೇಕು. ಹಾಳೆಗಳು ಮಕ್ಕಳವು, ಅವರ ಒಪ್ಪಿಗೆ ಇಲ್ಲದೆ ಓದುವುದಿಲ್ಲ, ಫೋಟೋ ತೆಗೆಯುವುದಿಲ್ಲ, ಯಾರಿಗೂ ತೋರಿಸುವುದಿಲ್ಲ. ಇದಕ್ಕೆ ಒಂದೇ ಒಂದು ಹೊರತು. ಯಾರಾದರೂ ಮಗುವಿಗೆ ಲೈಂಗಿಕ ಹಿಂಸೆ ಕೊಡುತ್ತಿದ್ದಾರೆ ಎಂದು ತಿಳಿದುಬಂದರೆ ಸುಮ್ಮನಿರುವಂತಿಲ್ಲ. 2012ರ ಪೋಕ್ಸೊ ಕಾಯ್ದೆಯಂತೆ ಅದನ್ನು ವರದಿ ಮಾಡಲೇಬೇಕು. ಬೆಳಿಗ್ಗೆ ಬರೆಯಲು ಕೂರುವ ಮೊದಲೇ ಮಕ್ಕಳಿಗೆ ಇದನ್ನು ಬಿಡಿಸಿ ಹೇಳುತ್ತೇನೆ: ಇಂಥದೊಂದನ್ನು ಮಾತ್ರ ನಾನು ಗುಟ್ಟಾಗಿ ಇಡಲಾರೆ, ಯಾಕೆಂದರೆ ನೀನು ಒಬ್ಬಳೇ ಆ ಭಾರ ಹೊರಬಾರದು. ಮಕ್ಕಳ ಸಹಾಯವಾಣಿ 1098 ಅನ್ನು ಬೋರ್ಡಿನ ಮೂಲೆಯಲ್ಲಿ ಬರೆದು, ದಿನವಿಡೀ ಅಳಿಸದೆ ಬಿಡುತ್ತೇನೆ. ಮಕ್ಕಳು ನಂಬುವ ಒಬ್ಬ ಟೀಚರ್ ಆ ದಿನ ಶಾಲೆಯಲ್ಲೇ ಇರುವಂತೆ ನೋಡಿಕೊಳ್ಳಿ. ನಾನು ಸಂಜೆ ಬಸ್ಸು ಹತ್ತುವವಳು, ಅವರು ಮರುದಿನವೂ ಇರುವವರು.

ವರ್ಷದ ಯಾವ ತಿಂಗಳು ಒಳ್ಳೆಯದು?

ಆಗಸ್ಟ್‌ನಿಂದ ನವೆಂಬರ್‌, ದಸರಾ ರಜೆ ಬಿಟ್ಟು. ಡಿಸೆಂಬರಿನಲ್ಲಿ ಅರ್ಧ ತರಗತಿ ವಾರ್ಷಿಕೋತ್ಸವದ ಡ್ಯಾನ್ಸ್ ಪ್ರಾಕ್ಟೀಸಿಗೆ ಹೋಗಿರುತ್ತದೆ. ಜನವರಿ ಮೇಲೆ ಎಸ್ಸೆಸ್ಸೆಲ್ಸಿಯವರನ್ನು ಕಾಡುವುದು ಬೇಡ. ಜೂನ್, ಜುಲೈಗೆ ಕರೆದರೆ ಬರುತ್ತೇನೆ, ಆದರೆ ಎರಡು ದಿನಾಂಕ ಗೊತ್ತು ಮಾಡಿ. ಹಿಂದಿನ ರಾತ್ರಿ ಜಿಲ್ಲಾಧಿಕಾರಿಯವರು ಮಳೆಗೆ ರಜೆ ಘೋಷಿಸಿದರೆ ಎರಡನೇ ದಿನಾಂಕ ತಾನಾಗಿ ಜಾರಿಗೆ ಬರುತ್ತದೆ.

ಗೌರವಧನ ಎಷ್ಟು?

ಸರ್ಕಾರಿ ಶಾಲೆ, ಗ್ರಾಮ ಪಂಚಾಯತ್ ಗ್ರಂಥಾಲಯಗಳಿಗೆ ಏನೂ ಇಲ್ಲ. ಬಸ್ಸಿನ ಟಿಕೆಟ್ಟಿನ ದುಡ್ಡು, ಮಕ್ಕಳ ಜೊತೆ ಊಟ. ಅನುದಾನಿತ ಶಾಲೆಗಳು ಕೈಲಾದಷ್ಟು ಕೊಡಲಿ. ಖಾಸಗಿ ಸಂಸ್ಥೆಗಳಿಗೆ ಇಡೀ ದಿನದ ಕಮ್ಮಟಕ್ಕೆ 6,000 ರೂಪಾಯಿ, ಒಂದು ಗಂಟೆಯ ಸಂವಾದಕ್ಕೆ 2,500. ಸರ್ಕಾರಿ ಶಾಲೆಗೆ ಹೋಗುವ ಖರ್ಚು ಇದರಿಂದಲೇ ಹುಟ್ಟುತ್ತದೆ. ಆದ್ದರಿಂದ ಚೌಕಾಸಿ ಬೇಡ. ಹಾರ, ಶಾಲು, ಸ್ಮರಣಿಕೆ ಖಂಡಿತ ಬೇಡ. ಆ ಹಣದಲ್ಲಿ ಶಾಲೆಯ ಕಪಾಟಿಗೆ ನಾಲ್ಕು ಕಾದಂಬರಿ ಬರುತ್ತದೆ. ನನ್ನದೇ ಆಗಬೇಕಾಗಿಲ್ಲ.

ಸಣ್ಣ ಸಭಾ ಕಾರ್ಯಕ್ರಮ ಇಟ್ಟುಕೊಳ್ಳಬಹುದೇ?

ಸ್ವಾಗತ, ಪ್ರಾಸ್ತಾವಿಕ, ಅತಿಥಿ ಪರಿಚಯ, ಉದ್ಘಾಟನೆ, ಅಧ್ಯಕ್ಷರ ಮಾತು, ವಂದನಾರ್ಪಣೆ ಎಲ್ಲ ಸೇರಿದರೆ ಸಣ್ಣದು ಎಂದದ್ದು ಒಂದೂಕಾಲು ಗಂಟೆಯಾಗುತ್ತದೆ. ಅಷ್ಟೂ ಹೊತ್ತು ಮಕ್ಕಳು ಕೈಕಟ್ಟಿ ಕೂತು ಸುಸ್ತಾಗಿರುತ್ತಾರೆ. ಮಕ್ಕಳೇ ಒಂದು ಹಾಡು ಹೇಳಲಿ, ನಾವು ಶುರು ಮಾಡೋಣ.

ಮಂಗಳೂರು, ಉಡುಪಿ ಬಿಟ್ಟು ಹೊರಗೆ ಬರುತ್ತೀರಾ?

ಬೈಂದೂರಿನಿಂದ ಸುಳ್ಯದವರೆಗೆ ಹೋಗಿದ್ದೇನೆ. ಬೆಳಿಗ್ಗೆಯ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೊರಟು ರಾತ್ರಿ ಮನೆ ಸೇರುವಷ್ಟು ದೂರ ನನಗೆ ಅನುಕೂಲ. ಘಟ್ಟದ ಮೇಲಿನವರು ಕರೆದರೆ ಒಂದು ರಾತ್ರಿ ಉಳಿಯುವ ವ್ಯವಸ್ಥೆ ಮಾಡಿ, ಎರಡು ಶಾಲೆ ಸೇರಿ ಕರೆಯಿರಿ.

ಒಂದು ಕಾದಂಬರಿ ಬರೆಯಲು ಎಷ್ಟು ಸಮಯ ಬೇಕು?

ಮಕ್ಕಳು ಖಂಡಿತ ಕೇಳುವ ಪ್ರಶ್ನೆ. ಮಲ್ಪೆ ಬಂದರಿನ ಹುಡುಗನ ಕತೆಗೆ ಮೂರು ವರ್ಷ ಹಿಡಿಯಿತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಒಟ್ಟು 61 ದಿನ. ಬೋಟುಗಳೆಲ್ಲ ದಕ್ಕೆಯಲ್ಲಿ ಕಟ್ಟಿಕೊಂಡಿರುತ್ತವೆ, ಉಳಿದ ಕಾಲದಲ್ಲಿ ಮಾತಿಗೆ ಸಿಗದವರು ಬಲೆ ಸರಿಮಾಡುತ್ತಾ ಮಾತಿಗೆ ಸಿಗುತ್ತಾರೆ. ಎರಡು ಮಳೆಗಾಲ ನಾನು ಅಲ್ಲಿ ಬರೇ ಕೂತು ಕೇಳಿದೆ. ಒಬ್ಬ ಅಜ್ಜ ನನ್ನ ಮೊದಲ ಕರಡಿನ ಒಂದು ಅಧ್ಯಾಯ ಕೇಳಿ, ‘ಮಗಾ, ನಿನ್ನ ಬೋಟಿನಲ್ಲಿ ಯಾರಿಗೂ ಹಸಿವೇ ಆಗುವುದಿಲ್ಲವಾ?’ ಎಂದು ಕೇಳಿದರು. ಆ ಅಧ್ಯಾಯವನ್ನು ಪೂರ್ತಿ ಮತ್ತೆ ಬರೆದೆ.

ನನ್ನ ಮಗಳು ಹದಿನೈದು ವರ್ಷಕ್ಕೇ ಕಾದಂಬರಿ ಬರೆದಿದ್ದಾಳೆ. ಪುಸ್ತಕ ಮಾಡಿಸಬಹುದೇ?

ಮೊದಲು ಅವಳನ್ನು ಕೇಳಿ. ಅವಳಿಗೆ ಬೇಕಿರುವುದು ಪುಸ್ತಕವೋ, ಓದುವ ಒಬ್ಬ ಮನುಷ್ಯನೋ? ಮೊದಲ ಮೂವತ್ತು ಪುಟ ಕಳಿಸಿದರೆ ಓದಿ ಅವಳಿಗೇ ಪತ್ರ ಬರೆಯುತ್ತೇನೆ, ಎರಡು ತಿಂಗಳು ಕೊಡಿ. ಇಷ್ಟು ಸಾವಿರ ಕೊಟ್ಟರೆ ನಿಮ್ಮ ಮಗಳನ್ನು ಲೇಖಕಿ ಮಾಡುತ್ತೇವೆ ಎನ್ನುವವರಿಗೆ ದುಡ್ಡು ಕೊಡಬೇಡಿ. ಪುಸ್ತಕದ ಗುರುತಿಗೆ ಹಾಕುವ ಐಎಸ್‌ಬಿಎನ್ ಸಂಖ್ಯೆಗೆಂದು ಬೇರೆ ದುಡ್ಡು ಕೇಳಿದರೂ ಕೊಡಬೇಡಿ. ನಮ್ಮ ದೇಶದಲ್ಲಿ ಕೇಂದ್ರ ಸರ್ಕಾರದ ಏಜೆನ್ಸಿ ಅದನ್ನು ಉಚಿತವಾಗಿ ಕೊಡುತ್ತದೆ. ಸಣ್ಣ ಕತೆಗಳನ್ನು ಪತ್ರಿಕೆಗಳ ಪುರವಣಿಗೆ ಕಳಿಸಿ ನೋಡಲಿ. ಟೈಪ್ ಮಾಡುವುದಾದರೆ ಯುನಿಕೋಡ್‌ನಲ್ಲೇ ಮಾಡಲಿ. ಪುಟ ಕಟ್ಟುವವರು ಬೇಕಿದ್ದರೆ ‘ನುಡಿ’ ತಂತ್ರಾಂಶದ ಅಕ್ಷರಕ್ಕೆ ಬದಲಿಸಿಕೊಳ್ಳುತ್ತಾರೆ.

ನೀವು ಹೋದ ಮೇಲೆ ಇದನ್ನು ಮುಂದುವರಿಸುವುದು ಯಾರು? ನಮ್ಮಲ್ಲಿ ಕನ್ನಡ ಟೀಚರ್ ಹುದ್ದೆಯೇ ಖಾಲಿ ಇದೆ.

ಕನ್ನಡ ಟೀಚರೇ ಆಗಬೇಕೆಂದಿಲ್ಲ. ನಂದಳಿಕೆಯ ಮುದ್ದಣ ಉಡುಪಿಯಲ್ಲಿ ಡ್ರಿಲ್ ಮಾಸ್ತರರಾಗಿದ್ದವರು. ಈಗ ಇಡೀ ನಾಡು ಓದುವ ಕಾವ್ಯ ಬರೆದು, ತನ್ನದೆಂದು ಹೇಳಿಕೊಳ್ಳುವ ಧೈರ್ಯ ಸಾಲದೆ ಯಾರೋ ಹಳೆಯ ಕವಿಯದೆಂಬಂತೆ ಪ್ರಕಟಣೆಗೆ ಕಳಿಸಿದರು. 1901ರಲ್ಲಿ, ಮೂವತ್ತೊಂದರ ಆಸುಪಾಸಿನಲ್ಲೇ ತೀರಿಕೊಂಡರು. ಪಿಟಿ ಮಾಸ್ತರರ ಎದೆಯಲ್ಲಿ ಏನಿದೆಯೋ ಅವರ ಹೆಡ್ಮಾಸ್ತರರಿಗೆ ಗೊತ್ತಿರುವುದಿಲ್ಲ. ನಿಮ್ಮ ಶಾಲೆಯ ಸಿಬ್ಬಂದಿಯಲ್ಲಿ ಓದುವ ಚಟ ಇರುವವರು ಯಾರು ಎಂದು ಮಕ್ಕಳನ್ನೇ ಕೇಳಿ, ಅವರು ಸರಿಯಾಗಿ ಹೇಳುತ್ತಾರೆ.

ತಿಂಗಳಿಗೊಂದು ಗೋಡೆ ಪತ್ರಿಕೆ ಸಾಕು, ಒಂದು ಡ್ರಾಯಿಂಗ್ ಶೀಟು, ನಾಲ್ಕು ಬರಹ. ಹತ್ತಿರದ ಪಂಚಾಯತ್ ಗ್ರಂಥಾಲಯಕ್ಕೆ ಮಕ್ಕಳನ್ನು ಸೇರಿಸಿ. 2020ರಲ್ಲಿ ಸರ್ಕಾರದ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾದ ಮೇಲೆ ಅಲ್ಲಿ ಮಕ್ಕಳ ಸದಸ್ಯತ್ವ ಉಚಿತ. ಶಿಕ್ಷಕರಿಗೆಂದೇ ಬೇರೆ ಕಮ್ಮಟವನ್ನೂ ನಡೆಸುತ್ತೇನೆ, ಹತ್ತು ಮಂದಿ ಇದ್ದರೆ ಸಾಕು.

ಕರೆಯುವಾಗ ನಾವು ಏನೇನು ತಿಳಿಸಬೇಕು? ಮಕ್ಕಳು ಏನು ತರಬೇಕು?

ಶಾಲೆ ಇರುವ ಊರು, ತರಗತಿ, ಮಕ್ಕಳ ಸಂಖ್ಯೆ, ಎರಡು ದಿನಾಂಕ, ಮತ್ತು ಆ ಮಕ್ಕಳ ಮನೆಗಳಲ್ಲಿ ಯಾವ ಯಾವ ಮಾತು ಆಡುತ್ತಾರೆ ಎಂಬುದು. ಕೊನೆಯದನ್ನು ಬರೆಯಲು ಮರೆಯುವವರೇ ಹೆಚ್ಚು, ನನಗೆ ಬೇಕಾದದ್ದು ಅದೇ. ಪ್ರೊಜೆಕ್ಟರ್, ಮೈಕು ಬೇಡ. ಫ್ಯಾನ್ ತಿರುಗುವ, ಕಿಟಕಿ ತೆರೆಯುವ ಒಂದು ಕೋಣೆ ಕೊಡಿ. ಮಕ್ಕಳು ಒಂದು ನೋಟ್‌ಬುಕ್, ಎರಡು ಪೆನ್ನು ತರಲಿ. ಹಿಂದಿನ ಸಂಜೆ ಮನೆಯಲ್ಲಿ ಯಾರಾದರೂ ದೊಡ್ಡವರು ಆಡಿದ ಒಂದು ಮಾತನ್ನು, ಆಡಿದ ಹಾಗೆಯೇ, ಒಂದಕ್ಷರ ತಿದ್ದದೆ ಅದರ ಮೊದಲ ಪುಟದಲ್ಲಿ ಬರೆದುಕೊಂಡು ಬರಲಿ. ಮಳೆಯ ಕೆಲಸ ಮುಗಿದದ್ದೇ ನಾವು ಆ ಪುಟ ತೆರೆಯುತ್ತೇವೆ.